ಸಾವಿರ ಹಾರ್ಸ್‌ಪವರ್ ಯಾರಿಗೆ ಬೇಕು?

ನಮ್ಮ ಹಾಸ್ಟೆಲ್‌ನಲ್ಲಿ ಮೊಬೈಲ್ ಕೈಗೆ ಸಿಗುವುದು ಶುಕ್ರವಾರ ಮಧ್ಯಾಹ್ನ ಸ್ವಲ್ಪ ಹೊತ್ತು, ಭಾನುವಾರ ಸ್ವಲ್ಪ ಹೊತ್ತು. ಅಷ್ಟರೊಳಗೆ ಮನೆಗೆ ಫೋನ್ ಮಾಡಬೇಕು, ಗ್ರೂಪಿಗೆ ಬಂದ ನೋಟ್ಸ್ ಇಳಿಸಿಕೊಳ್ಳಬೇಕು. ಉಳಿದ ಸಮಯದಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡುತ್ತಾರೆ. ನಾನು ಗಾಡಿ ನೋಡುತ್ತೇನೆ. ಕಾರಲ್ಲ, ಬೈಕೂ ಅಲ್ಲ. ಕೆಸರಿನಲ್ಲಿ, ಬಂಡೆಯ ಮೇಲೆ, ಹಳ್ಳದ ನೀರಿನಲ್ಲಿ ಹೋಗುವ ಫೋರ್ ವೀಲ್ ಗಾಡಿಗಳು. ಈ ಹುಚ್ಚು ನನಗೆ ಎಲ್ಲಿಂದ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

ಈ ವರ್ಷ ಸೆಕೆಂಡ್ ಪಿಯುಸಿ ಶುರುವಾದ ಮೇಲೆ ನಮ್ಮ ರೂಮಿನಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾದ ಗಾಡಿ ಅಮೆರಿಕದ ರಿವಿಯನ್ ಕಂಪನಿಯ ಆರ್‌1ಟಿ ಎಂಬ ವಿದ್ಯುತ್ ಪಿಕಪ್. 2025ರ ಜುಲೈ ತಿಂಗಳಲ್ಲಿ ಅದರ ಹೊಸ ನಾಲ್ಕು ಮೋಟಾರಿನ ಮಾದರಿ ಹೊರಬಂತು. ಒಂದೊಂದು ಚಕ್ರಕ್ಕೆ ಒಂದೊಂದು ಮೋಟಾರು. ಒಟ್ಟು 1,025 ಹಾರ್ಸ್‌ಪವರ್. ಟಾರ್ಕ್ ಸುಮಾರು 1,624 ನ್ಯೂಟನ್ ಮೀಟರ್. ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ವೇಗಕ್ಕೆ ಏರಲು 2.5 ಸೆಕೆಂಡ್ ಸಾಕು ಎನ್ನುತ್ತದೆ ಕಂಪನಿ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಮೂರು ಟನ್‌ಗಿಂತ ಹೆಚ್ಚು ತೂಕದ, ಹಿಂದೆ ಸಾಮಾನು ತುಂಬುವ ತೊಟ್ಟಿ ಇರುವ ಗಾಡಿ ಹೈವೇ ವೇಗಕ್ಕೆ ಬಂದಿರುತ್ತದೆ. ಹೊರಬಂದಾಗ ಬೆಲೆ 1,15,990 ಡಾಲರ್‌ನಿಂದ ಶುರುವಾಗುತ್ತಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಯ ಆಸುಪಾಸು. ಭಾರತದಲ್ಲಿ ಅದು ಮಾರಾಟಕ್ಕಿಲ್ಲ. ಹಾಗಾಗಿ ನಮ್ಮ ಜಗಳವೆಲ್ಲ ಸಿಗದ ದ್ರಾಕ್ಷಿಯ ರುಚಿಯ ಬಗ್ಗೆ.

ನಮ್ಮಲ್ಲಿ ಪಿಕಪ್ ಎಂದರೆ ಟೊಮೆಟೊ ಕ್ರೇಟು, ಕಾಫಿ ಮೂಟೆ, ಶಾಮಿಯಾನದ ಕಂಬ ಹೊರುವ ಗಾಡಿ. ಅದರ ಯಜಮಾನ ಅದನ್ನು ಮದುವೆ ಮನೆಗೆ ತೆಗೆದುಕೊಂಡು ಹೋದರೆ ದೂರದಲ್ಲಿ ನಿಲ್ಲಿಸಿ ಬರುತ್ತಾನೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪಿಕಪ್ ಮನೆಯ ಮುಖ್ಯ ಗಾಡಿ. ಮಕ್ಕಳನ್ನು ಶಾಲೆಗೆ ಬಿಡುವುದೂ ಅದರಲ್ಲೇ, ಆಫೀಸಿಗೆ ಹೋಗುವುದೂ ಅದರಲ್ಲೇ, ರಜೆಯಲ್ಲಿ ದೋಣಿಯನ್ನು ಎಳೆದುಕೊಂಡು ಹೋಗುವುದೂ ಅದರಲ್ಲೇ. ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್‌ಗಳು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್‌ಗಳು. ಇನ್ನು ಯೂಟಾ ರಾಜ್ಯದ ಮೋಆಬ್ ಎಂಬ ಊರಿನ ಕೆಂಪು ಮರಳುಗಲ್ಲಿನ ಬಂಡೆಗಳ ಮೇಲೆ ಜೀಪು ಹತ್ತಿಸುವುದು ಅಲ್ಲಿಯವರಿಗೆ ಒಂದು ಜಾತ್ರೆಯೇ. 1967ರಿಂದ ಅಲ್ಲಿ ಈಸ್ಟರ್ ಸಮಯದಲ್ಲಿ ಜೀಪಿನವರು ಸೇರುತ್ತಾರೆ. ಇಂಥ ಜನರ ಮುಂದೆ ಒಬ್ಬ ಹೊಸಬ ಬ್ಯಾಟರಿ ಗಾಡಿ ತಂದು ನಿಲ್ಲಿಸಿದರೆ ಏನಾಗಬೇಕೋ ಅದೇ ಆಯಿತು.

ಒಂದು ಬಣದವರ ದೂರು ಶಬ್ದದ್ದು. ವಿ8 ಎಂಜಿನ್ನಿನ ಗುಡುಗು ಇಲ್ಲದ ಪಿಕಪ್, ಉಪ್ಪಿಲ್ಲದ ಬಿರಿಯಾನಿ ಅವರಿಗೆ. ನಮ್ಮ ರೂಮಿನಲ್ಲೂ ಇಂಥ ಒಬ್ಬನಿದ್ದಾನೆ, ಹೆಸರು ಹೇಳುವುದಿಲ್ಲ, ಅವನ ಬೈಕಿನ ಸೈಲೆನ್ಸರ್ ನೋಡಿದವರಿಗೆ ಗೊತ್ತಾಗುತ್ತದೆ. ಇದನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕಾಡಿನಲ್ಲಿ ಗಾಡಿ ಓಡಿಸುವವನಿಗೆ ಎಂಜಿನ್ನಿನ ಶಬ್ದಕ್ಕಿಂತ ಟೈರಿನ ಕೆಳಗೆ ಕಲ್ಲು ಜಾರುವ ಶಬ್ದ ಮುಖ್ಯ. ವಿದ್ಯುತ್ ಗಾಡಿಯಲ್ಲಿ ಅದು ಕೇಳಿಸುತ್ತದೆ.

ಇನ್ನೊಂದು ಬಣದವರ ದೂರು ದೂರದ್ದೇ. ಅಂದರೆ ಎಷ್ಟು ಕಿಲೋಮೀಟರ್ ಹೋಗುತ್ತದೆ ಎಂಬುದು. ಹೊಸ ಆರ್‌1ಟಿ ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 600 ಕಿಲೋಮೀಟರ್ ಎನ್ನುತ್ತದೆ ಲೆಕ್ಕ. ಆದರೆ ಆ ಲೆಕ್ಕ ಡಾಂಬರು ರಸ್ತೆಯದ್ದು. ಹಿಂದೆ ಭಾರದ ಟ್ರೇಲರ್ ಕಟ್ಟಿ ಎಳೆದವರು ದೂರ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ತೋರಿಸಿದ್ದಾರೆ. ಚಳಿಯಲ್ಲಿ ಇನ್ನೂ ಕಷ್ಟ. 2019ರಲ್ಲಿ ನಟ ಯುಆನ್ ಮೆಕ್‌ಗ್ರೆಗರ್ ಮತ್ತು ಅವರ ಗೆಳೆಯ ಚಾರ್ಲಿ ಬೂರ್‌ಮನ್ ಅರ್ಜೆಂಟೀನಾದ ತುದಿಯಲ್ಲಿರುವ ಉಶುವಾಯಾದಿಂದ ಲಾಸ್ ಏಂಜಲೀಸ್‌ವರೆಗೆ ವಿದ್ಯುತ್ ಬೈಕಿನಲ್ಲಿ ಹೋದರು. ಅವರ ಹಿಂದೆ ಸಾಮಾನು ಹೊತ್ತು ಹೋದದ್ದು ಇನ್ನೂ ಮಾರುಕಟ್ಟೆಗೇ ಬರದಿದ್ದ ಎರಡು ಆರ್‌1ಟಿ ಪಿಕಪ್‌ಗಳು. ಆ ಪ್ರಯಾಣದ ಸರಣಿ ನೋಡಿದರೆ ಒಂದು ವಿಷಯ ಚೆನ್ನಾಗಿ ಅರ್ಥವಾಗುತ್ತದೆ. ಗಾಡಿಗಳು ಬೆಟ್ಟ ಹತ್ತಲು ತಿಣುಕಲಿಲ್ಲ, ಪ್ಲಗ್ ಹುಡುಕಲು ತಿಣುಕಿದವು.

ಇಲ್ಲಿ ನಮ್ಮ ಸೈನ್ಸ್ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಕಿಲೋವ್ಯಾಟ್ ಅವರ್ ಶಕ್ತಿ ಇದೆ. ಗಾಡಿಯ ಹಿಂಬದಿಗೆ ಕಟ್ಟಿಕೊಂಡು ಹೋಗುವ 20 ಲೀಟರಿನ ಕ್ಯಾನಿನಲ್ಲಿ 200. ಎಂಜಿನ್ ಅದರಲ್ಲಿ ಸುಮಾರು ಮೂರನೇ ಒಂದು ಪಾಲನ್ನಷ್ಟೇ ಕೆಲಸಕ್ಕೆ ಬಳಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ ಅಂದುಕೊಳ್ಳಿ. ಆದರೂ 60ಕ್ಕಿಂತ ಹೆಚ್ಚು ಉಳಿಯುತ್ತದೆ. ಕ್ಯಾನಿನ ತೂಕ 20 ಕೆ.ಜಿ. ಆಸುಪಾಸು. ಅಷ್ಟೇ ಕೆಲಸ ಮಾಡುವ ಬ್ಯಾಟರಿಯನ್ನು ಹೊತ್ತುಕೊಂಡು ಹೋಗಬೇಕಾದರೆ ಅದು ಸುಮಾರು 400 ಕೆ.ಜಿ. ತೂಗುತ್ತದೆ. ಹೆಗಲ ಮೇಲೆ ಹೊತ್ತು ತಂದು ಸುರಿಯುವ ಹಾಗಿಲ್ಲ. ಕಾಡಿನ ಮಧ್ಯೆ ಖಾಲಿಯಾದರೆ ಮುಗಿಯಿತು. ಇದಕ್ಕೆ ವಿದ್ಯುತ್ ಗಾಡಿಯ ಅಭಿಮಾನಿಗಳ ಹತ್ತಿರ ಇವತ್ತಿಗೂ ಸರಿಯಾದ ಉತ್ತರವಿಲ್ಲ. ನಾನೂ ಆ ಅಭಿಮಾನಿಗಳಲ್ಲಿ ಒಬ್ಬ, ನನ್ನ ಹತ್ತಿರವೂ ಇಲ್ಲ.

ಆದರೆ ಹೊಗಳುವವರ ಮಾತೂ ಸುಳ್ಳಲ್ಲ. ಅಮೆರಿಕದ ಕೊಲರಾಡೊದಲ್ಲಿ ಪೈಕ್ಸ್ ಪೀಕ್ ಎಂಬ ಬೆಟ್ಟ ಇದೆ. 156 ತಿರುವುಗಳ ಸುಮಾರು 20 ಕಿಲೋಮೀಟರ್ ರಸ್ತೆ, ಕೊನೆ 4,300 ಮೀಟರ್ ಎತ್ತರದಲ್ಲಿ. ಅಷ್ಟು ಮೇಲೆ ಹೋದಾಗ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡು ಪಾಲಿಗೆ ಇಳಿಯುತ್ತದೆ. ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಮೋಟಾರಿಗೆ ಉಸಿರಾಟವೇ ಇಲ್ಲ. 2024ರಲ್ಲಿ ಅಲ್ಲಿ ಒಂದು ಆರ್‌1ಟಿ 11 ನಿಮಿಷದೊಳಗೆ ತುದಿ ಮುಟ್ಟಿತು. ಅದೇ ವರ್ಷ ಎಲ್ಲರಿಗಿಂತ ಮೊದಲು ಬಂದದ್ದು ಕೂಡ ವಿದ್ಯುತ್ ಗಾಡಿಯೇ, ಫೋರ್ಡ್ ಕಂಪನಿ ರೇಸಿಗೆಂದೇ ಕಟ್ಟಿದ ಟ್ರಕ್ಕು, 9 ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ. ನೀರಿನಲ್ಲೂ ಹಾಗೆಯೇ. ಡೀಸೆಲ್ ಗಾಡಿ ಹಳ್ಳ ದಾಟುವಾಗ ಎಂಜಿನ್ನಿಗೆ ಗಾಳಿ ಹೋಗುವ ಕಡೆ ನೀರು ನುಗ್ಗಿದರೆ ಕಥೆ ಮುಗಿಯಿತು. ಆರ್‌1ಟಿ ಮೂರು ಅಡಿಗೂ ಹೆಚ್ಚು ನೀರಿನಲ್ಲಿ ಹೋಗಬಲ್ಲದು. ಮರ್ಸಿಡಿಸ್‌ನ ವಿದ್ಯುತ್ ಜಿ ವ್ಯಾಗನ್, ಅದಕ್ಕೂ ನಾಲ್ಕು ಮೋಟಾರು, 850 ಮಿಲಿಮೀಟರ್ ನೀರು ದಾಟುತ್ತದೆ. ಅದರದೇ ಪೆಟ್ರೋಲ್ ಅಣ್ಣ 700ಕ್ಕೆ ನಿಲ್ಲುತ್ತದೆ. ಈ ಜಿ ವ್ಯಾಗನ್ ಮಾತ್ರ 2025ರ ಜನವರಿಯಲ್ಲಿ ಭಾರತಕ್ಕೂ ಬಂತು. ಆಗ ಬೆಲೆ ಮೂರು ಕೋಟಿ ರೂಪಾಯಿ ಇತ್ತು. ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಸದ್ಯಕ್ಕೆ ನಿರೀಕ್ಷಿಸಬೇಡಿ.

ಈಗ ನನ್ನ ತಕರಾರಿಗೆ ಬರುತ್ತೇನೆ. ಹೊಗಳುವವರು, ತೆಗಳುವವರು ಇಬ್ಬರೂ ತಪ್ಪು ಅಂಕಿಯ ಮೇಲೆ ಕೂತು ಜಗಳವಾಡುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ. ಎಲ್ಲರ ಬಾಯಲ್ಲೂ 1,025 ಮತ್ತು 2.5. ಬಂಡೆ ಹತ್ತುವ ಗಾಡಿಗೆ ಈ ಎರಡೂ ಬೇಕಾಗಿಲ್ಲ.

ಇದನ್ನು ನಾನು ಕಲಿತದ್ದು ಮೊಬೈಲ್ ನೋಡಿ ಅಲ್ಲ, ನನ್ನ ಮಾಮು ಅವರಿಂದ. ಅವರದು ಚಿಕ್ಕಮಗಳೂರಿನ ಕಡೆ ಒಂದು ಗ್ಯಾರೇಜು. ತಗಡಿನ ಶೀಟು, ಒಂದು ಗುಂಡಿ, ಗೋಡೆಗೆ ನೇತುಹಾಕಿದ ಸ್ಪ್ಯಾನರ್‌ಗಳು, ಮೂವರು ಶಿಷ್ಯರು. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಬಾಬಾಬುಡನ್‌ಗಿರಿ ಕಡೆ ಝರಿ ಜಲಪಾತಕ್ಕೆ ಪ್ರವಾಸಿಗಳನ್ನು ಕರೆದುಕೊಂಡು ಹೋಗುವ ಹಳೆಯ ಜೀಪುಗಳನ್ನು ನೀವು ನೋಡಿರಬಹುದು. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗುವ ಜೀಪುಗಳೂ ಅಂಥವೇ. ನನಗಿಂತ ಹೆಚ್ಚು ವಯಸ್ಸಾದ ಗಾಡಿಗಳು. ಒಂದಕ್ಕೂ ನೂರು ಹಾರ್ಸ್‌ಪವರ್ ಇಲ್ಲ. ಎಸ್ಟೇಟಿನವರ ಜೀಪು, ಟೂರಿಸ್ಟ್ ಜೀಪು, ಸೌದೆ ಹೊರುವ ಜೀಪು, ಎಲ್ಲವೂ ಮಾಮು ಗ್ಯಾರೇಜಿಗೆ ಬಂದು ಗುಂಡಿಯ ಮೇಲೆ ನಿಲ್ಲುತ್ತವೆ. ನಾನು ಎಸ್ಸೆಸ್ಸೆಲ್ಸಿವರೆಗೆ ಎಲ್ಲ ರಜೆಯನ್ನೂ ಆ ಗುಂಡಿಯ ಪಕ್ಕ ಕಳೆದಿದ್ದೇನೆ.

ಒಂದು ಜುಲೈಯಲ್ಲಿ, ಜೋರು ಮಳೆ, ಒಂದು ಎಸ್ಟೇಟಿನ ಜೀಪು ಏರಿನಲ್ಲಿ ಸಿಕ್ಕಿಬಿದ್ದಿದೆ ಎಂದು ಫೋನ್ ಬಂತು. ಮಾಮು ನನ್ನನ್ನೂ ಕರೆದುಕೊಂಡು ಹೋದರು. ಹೋಗಿ ನೋಡಿದರೆ ಡ್ರೈವರ್ ಆಕ್ಸಿಲೇಟರ್ ಒತ್ತಿ ಒತ್ತಿ ನಾಲ್ಕು ಚಕ್ರವನ್ನೂ ಆಕ್ಸಲ್‌ವರೆಗೆ ಹೂತುಬಿಟ್ಟಿದ್ದ. ಕೆಸರು ಅವನ ಕೂದಲಲ್ಲೂ ಇತ್ತು. ಮಾಮು ಅವನಿಗೆ ಏನೂ ಬೈಯಲಿಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿದರು. ಮುಂದೆ ನಾಲ್ಕು ಕಲ್ಲು ಇಡಿಸಿದರು. ಸೀಟಿನಲ್ಲಿ ಕೂತು ಫೋರ್ ವೀಲ್ ಲೋ ಹಾಕಿ, ಫಸ್ಟ್ ಗೇರಿಗೆ ತಂದು, ಕ್ಲಚ್ಚನ್ನು ಪೂರ್ತಿ ಬಿಟ್ಟು, ಎರಡೂ ಕಾಲನ್ನು ಪೆಡಲ್‌ನಿಂದ ತೆಗೆದು ಪಕ್ಕಕ್ಕೆ ಇಟ್ಟರು. ಆಕ್ಸಿಲೇಟರ್ ಮುಟ್ಟಲೇ ಇಲ್ಲ. ಎಂಜಿನ್ ತನ್ನ ಪಾಡಿಗೆ ಟಕ್ ಟಕ್ ಎನ್ನುತ್ತ, ನಡೆದು ಹೋಗುವ ಮನುಷ್ಯನಿಗಿಂತ ನಿಧಾನವಾಗಿ ಜೀಪು ಮೇಲೆ ಬಂತು. ಪಕ್ಕದಲ್ಲಿ ನಡೆಯುತ್ತಿದ್ದ ನಾನು ಅದಕ್ಕಾಗಿ ನಿಂತು ಕಾಯಬೇಕಾಯಿತು.

ಅವತ್ತು ಬೇಕಾಗಿದ್ದದ್ದು ವೇಗವಲ್ಲ. ಬಹಳ ಕಡಿಮೆ ವೇಗದಲ್ಲಿ ಬಹಳ ಹೆಚ್ಚು ತಿರುಗುಬಲ, ಅದೂ ಬೇಕಾದ ಚಕ್ರಕ್ಕೆ, ಬೇಕಾದಷ್ಟೇ. ವಿದ್ಯುತ್ ಮೋಟಾರಿನ ನಿಜವಾದ ಶಕ್ತಿ ಇರುವುದು ಇಲ್ಲೇ. ಡೀಸೆಲ್ ಎಂಜಿನ್ ನಿಂತ ಸ್ಥಿತಿಯಲ್ಲಿ ಬಲ ಕೊಡಲಾರದು. ಅದು ತಿರುಗುತ್ತಿರಬೇಕು, ಅದಕ್ಕಾಗಿ ಕ್ಲಚ್ಚು, ಗೇರು, ಲೋ ಗೇರಿನ ಪೆಟ್ಟಿಗೆ ಎಲ್ಲ ಬೇಕು. ಮೋಟಾರು ಮಾತ್ರ ಸೊನ್ನೆ ವೇಗದಲ್ಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಮಾಮು ಮೂವತ್ತು ವರ್ಷದಲ್ಲಿ ಕಾಲಿಗೆ ಕಲಿಸಿದ ವಿದ್ಯೆಯನ್ನು ಅದು ಹುಟ್ಟುವಾಗಲೇ ಕಲಿತು ಬಂದಿದೆ.

ಚಕ್ರಗಳ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾಲ್ಕು ಮೋಟಾರಿನ ಗಾಡಿಯ ಬಗ್ಗೆ ತಿಳಿದವರ ನಡುವೆ ಇರುವ ಜಗಳ ಇದೇ. ಸಾಮಾನ್ಯ ಗಾಡಿಯ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕಲ್ಲ, ಅದಕ್ಕೆ. ಆದರೆ ಇದಕ್ಕೊಂದು ದುರ್ಗುಣ. ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ನೆಲದ ಮೇಲಿರುವ ಚಕ್ರಕ್ಕೆ ಬಲವೇ ಸಿಗುವುದಿಲ್ಲ. ಅದಕ್ಕಾಗಿ ಬಂಡೆ ಹತ್ತುವವರು ಲಾಕರ್ ಹಾಕಿಸುತ್ತಾರೆ. ಎರಡು ಚಕ್ರವನ್ನೂ ಒಂದೇ ಸರಳಿಗೆ ಬಿಗಿದಂತೆ. ಆರ್‌1ಟಿ ಗಾಡಿಯಲ್ಲಿ ಈ ತಾಪತ್ರಯವೇ ಇಲ್ಲ. ನಾಲ್ಕು ಚಕ್ರಕ್ಕೂ ಸ್ವಂತ ಮೋಟಾರು, ಯಾವುದು ಜಾರುತ್ತಿದೆ ಎಂದು ಕಂಪ್ಯೂಟರು ಕ್ಷಣಕ್ಷಣಕ್ಕೂ ನೋಡಿ ಸರಿಮಾಡುತ್ತದೆ. ಅಭಿಮಾನಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ಹಳೆಯ ಜೀಪಿನವರು ಕೇಳುವ ಪ್ರಶ್ನೆ ಬೇರೆ. ಮೂರು ಚಕ್ರ ಜಾರುತ್ತಿದ್ದು ಒಂದೇ ಒಂದು ಚಕ್ರಕ್ಕೆ ಹಿಡಿತ ಸಿಕ್ಕಿದರೆ? ಲಾಕರ್ ಇರುವ ಗಾಡಿಯಲ್ಲಿ ಎಂಜಿನ್ನಿನ ಬಲವೆಲ್ಲ ಆ ಒಂದು ಚಕ್ರಕ್ಕೆ ಹೋಗಬಹುದು. ನಾಲ್ಕು ಮೋಟಾರಿನ ಗಾಡಿಯಲ್ಲಿ ಆ ಚಕ್ರಕ್ಕೆ ಅದರದೇ ಮೋಟಾರಿನ ಬಲ ಮಾತ್ರ. ಉಳಿದ ಮೂರು ಪಕ್ಕದಲ್ಲಿ ನಿಂತು ನೋಡಬೇಕು. ಪ್ರಶ್ನೆ ನ್ಯಾಯವಾದದ್ದು. ಇನ್ನೊಂದು, ಬಂಡೆಗೆ ಒತ್ತಿಕೊಂಡು ಚಕ್ರ ತಿರುಗದೆ ನಿಂತಾಗಲೂ ಮೋಟಾರಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಸ್ಥಾನಪಲ್ಲಟ ಸೊನ್ನೆಯಾದರೆ ಕೆಲಸವೂ ಸೊನ್ನೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆ ಸೊನ್ನೆ ಕೆಲಸಕ್ಕೂ ಮೋಟಾರು ಕಾದು ಕೆಂಪಾಗುತ್ತದೆ.

ಹೊಸ ಮಾದರಿಯ ಮೇಲೆ ಒಂದು ಸಾವಿರ ಹಾರ್ಸ್‌ಪವರ್ ಹೇರಿದ್ದರಿಂದ ಇವುಗಳಲ್ಲಿ ಒಂದೂ ಬಗೆಹರಿಯಲಿಲ್ಲ ಎಂಬುದು ನನ್ನ ಮಾತು. ಹೇರಿದ್ದು ಟಿವಿ ಜಾಹೀರಾತಿಗೆ, ಸಿಗ್ನಲ್‌ನಲ್ಲಿ ಪಕ್ಕದ ಕಾರಿನವನಿಗೆ ತೋರಿಸಲಿಕ್ಕೆ. ಜನರಲ್ ಮೋಟಾರ್ಸ್ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಅವರ ವಿದ್ಯುತ್ ಹಮ್ಮರ್ ಪಿಕಪ್ 4,100 ಕೆ.ಜಿ. ತೂಗುತ್ತದೆ. 2023ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಒಂದು ಭಾಷಣದಲ್ಲಿ ಇದೇ ಗಾಡಿಯ ಉದಾಹರಣೆ ಕೊಟ್ಟರು. ಅದರ ಬ್ಯಾಟರಿ ಒಂದೇ ಸುಮಾರು ಒಂದು ಹೋಂಡಾ ಸಿವಿಕ್ ಕಾರಿನಷ್ಟು ತೂಕ ಎಂದು ನೆನಪಿಸಿ, ಡಿಕ್ಕಿಯಾದಾಗ ಎದುರಿಗಿರುವವರ ಗತಿ ಏನು ಎಂದು ಕಳವಳ ಹೇಳಿಕೊಂಡರು. ಚಲನ ಶಕ್ತಿಯ ಸೂತ್ರ ನಮಗೆಲ್ಲ ಬಾಯಿಪಾಠ. ಒಂದು ಟನ್ನಿನ ಸಣ್ಣ ಕಾರು ಮತ್ತು ನಾಲ್ಕು ಟನ್ನಿನ ಈ ಗಾಡಿ ಒಂದೇ ವೇಗದಲ್ಲಿ ಬಂದರೂ ಇದರ ಏಟು ನಾಲ್ಕು ಪಟ್ಟು. ಅಂಥದ್ದನ್ನು ಮೂರು ಸೆಕೆಂಡಿನಲ್ಲಿ ಆ ವೇಗಕ್ಕೆ ತರುವುದು ಒಂದು ಸಾಧನೆ ಎಂದು ಚಪ್ಪಾಳೆ ತಟ್ಟುವವರಲ್ಲಿ ನಾನೂ ಇದ್ದೆ. ಈಗ ಸ್ವಲ್ಪ ನಾಚಿಕೆ ಆಗುತ್ತದೆ.

ನಾಚಿಕೆಯ ವಿಷಯ ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಳೆದ ಮೇ ತಿಂಗಳಲ್ಲಿ ಗ್ಯಾರೇಜಿನಲ್ಲಿ ಮಾತಿಗೆ ಮಾತು ಬೆಳೆಯಿತು. ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತೇನೆ ಎಂದೆ. ಮಾಮು, "ಡೀಸೆಲ್ ಗೊತ್ತಿದ್ದರೆ ಊಟಕ್ಕೆ ತೊಂದರೆ ಇಲ್ಲ ಬೇಟಾ," ಎಂದರು. ನಾನು ಸುಮ್ಮನಿರಬೇಕಿತ್ತು. "ಹತ್ತು ವರ್ಷದಲ್ಲಿ ನಿಮ್ಮ ಡೀಸೆಲ್ ಕೆಲಸ ಮುಗಿಯುತ್ತದೆ ಮಾಮು, ಈ ಗುಂಡಿ ಮುಚ್ಚಬೇಕಾಗುತ್ತದೆ," ಎಂದುಬಿಟ್ಟೆ. ಮೂವರು ಶಿಷ್ಯರೂ ಅಲ್ಲೇ ಇದ್ದರು. ಅವರಲ್ಲಿ ಒಬ್ಬ ನನ್ನ ವಯಸ್ಸಿನವನೇ, ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟು ಬಂದವನು. ಮಾಮು ಏನೂ ಹೇಳಲಿಲ್ಲ. ಕೈಯಲ್ಲಿದ್ದ ನಟ್ಟನ್ನು ಡೀಸೆಲ್ಲಿನಲ್ಲಿ ಅದ್ದಿ ತೊಳೆಯುತ್ತಲೇ ಇದ್ದರು. ಆ ಶಿಷ್ಯ ಮಾತ್ರ ನನ್ನ ಮುಖ ನೋಡಿದ.

ದಸರಾ ರಜೆಗೆ ಹೋದಾಗ ರಾಜಿಗೆಂದು ನಾನೇ ಮೊಬೈಲ್ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಆರ್‌1ಟಿ ಗಾಡಿಗೆ ಹೊಸದಾಗಿ ಬಂದ ಕಿಕ್ ಟರ್ನ್ ಎಂಬ ಆಟ ತೋರಿಸಿದೆ. ಒಂದು ಕಡೆಯ ಚಕ್ರ ಮುಂದೆ, ಇನ್ನೊಂದು ಕಡೆಯದು ಹಿಂದೆ ತಿರುಗಿ, ಗಾಡಿ ಮಣ್ಣಿನ ಮೇಲೆ ಬುಗುರಿಯಂತೆ ಗಿರ್ರನೆ ಸುತ್ತುತ್ತದೆ. ಆರು ವರ್ಷದ ಹಿಂದೆಯೇ ಟ್ಯಾಂಕ್ ಟರ್ನ್ ಎಂದು ಇದನ್ನು ತೋರಿಸಿದ್ದರು, ಆಮೇಲೆ ಕೈಬಿಟ್ಟಿದ್ದರು. ಕಾಡಿನ ಹಾದಿ ಹಾಳಾಗುತ್ತದೆ ಎಂಬ ಆಕ್ಷೇಪ ಆಗಲೂ ಇತ್ತು. ನಾನು ಇದನ್ನೆಲ್ಲ ಹೇಳಿರಲಿಲ್ಲ. ಮಾಮು ಎರಡು ಸಲ ನೋಡಿದರು. ಚಕ್ರ ಹೋದಲ್ಲಿ ಮಣ್ಣು ಉಂಗುರದ ಆಕಾರದಲ್ಲಿ ಕಿತ್ತು ಬಂದಿತ್ತು. "ಇದು ಹೋದ ಮೇಲೆ ಈ ಹಾದಿಯನ್ನು ಯಾರು ರಿಪೇರಿ ಮಾಡುತ್ತಾರೆ?" ಎಂದು ಕೇಳಿದರು.

ಗಿರಿಯ ಕಡೆ ಜೀಪು ಹಾದಿಗಳನ್ನು ಮಳೆಗಾಲದ ನಂತರ ನೋಡಿದವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಆಕ್ಸಿಲೇಟರ್ ಒತ್ತಿ ಚಕ್ರ ಜಾರಿಸಿದ ಕಡೆಯೆಲ್ಲ ಮಣ್ಣು ಎದ್ದು, ಮುಂದಿನ ಮಳೆಗೆ ಅದೇ ಕಾಲುವೆಯಾಗಿ, ಅದರ ಮುಂದಿನ ವರ್ಷ ನಡೆದು ಹೋಗಲೂ ಆಗದ ಕೊರಕಲಾಗುತ್ತದೆ. ನಾನು ಇಷ್ಟು ದಿನ ನೋಡಿದ ಯಾವ ವಿಮರ್ಶಕನೂ ಕ್ಯಾಮೆರಾವನ್ನು ಹಿಂದೆ ತಿರುಗಿಸಿ, ಗಾಡಿ ಹೋದ ಮೇಲೆ ನೆಲ ಹೇಗಿದೆ ಎಂದು ತೋರಿಸಿಲ್ಲ. ಹತ್ತುವುದನ್ನು ತೋರಿಸುತ್ತಾರೆ. ನಿಜ ಹೇಳಬೇಕೆಂದರೆ, ಚಕ್ರವನ್ನು ಒಂದಿಷ್ಟೂ ಜಾರಿಸದೆ ಹತ್ತಿಸುವುದು ನಾಲ್ಕು ಮೋಟಾರಿನ ಗಾಡಿಗೆ ಉಳಿದೆಲ್ಲ ಗಾಡಿಗಿಂತ ಸುಲಭ. ಹಾದಿಗೆ ಅತಿ ಕಡಿಮೆ ಗಾಯ ಮಾಡಬಲ್ಲ ಗಾಡಿಯನ್ನು ಕಟ್ಟಿ, ಅದರಿಂದಲೇ ಹಾದಿಯನ್ನು ಕೆದಕುವ ಆಟ ಆಡಿಸಿ ಮಾರುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೆ.

ನನ್ನನ್ನು ಕೇಳಿದರೆ ಆ ನಾಲ್ಕು ಮೋಟಾರಿನ ಬುದ್ಧಿ ಮಾತ್ರ ಬೇಕು, ಸಾವಿರ ಕುದುರೆಗಳು ಬೇಡ. ಕಾಲುಭಾಗ ಸಾಕು. ಸಣ್ಣ ಬ್ಯಾಟರಿ, ಕಡಿಮೆ ತೂಕ, ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್. ಝರಿಗೆ ಹೋಗಿ ಬರುವ ಜೀಪು ರಾತ್ರಿ ಮನೆಯಲ್ಲೇ ಇರುತ್ತದೆ, ಚಾರ್ಜ್ ಮಾಡಲು ಬೇಕಾದಷ್ಟು ಹೊತ್ತಿದೆ. ಮೇಲೆ ಹೋಗುವಾಗ ಖರ್ಚಾದ ಶಕ್ತಿಯಲ್ಲಿ ಒಂದಿಷ್ಟು ಇಳಿಯುವಾಗ ವಾಪಸು ಬರುತ್ತದೆ, ಬ್ರೇಕ್ ಲೈನರೂ ಉಳಿಯುತ್ತದೆ. ಲೆಕ್ಕ ಬೇಕಾದವರು ಮಾಡಿ ನೋಡಿ. ಎರಡು ಟನ್ನಿನ ಜೀಪನ್ನು 500 ಮೀಟರ್ ಎತ್ತರಕ್ಕೆ ಏರಿಸಲು ಎತ್ತರಕ್ಕಾಗಿ ಮಾತ್ರ ಬೇಕಾಗುವ ಶಕ್ತಿ ಮೂರು ಕಿಲೋವ್ಯಾಟ್ ಅವರ್ ಕೂಡ ಆಗುವುದಿಲ್ಲ. ನಾಲ್ಕು ಚಕ್ರಕ್ಕೂ ಮೋಟಾರಿಟ್ಟು ಇಂಥದ್ದೊಂದನ್ನು ಡ್ರೈವರ್ ಕೊಳ್ಳಬಹುದಾದ ಬೆಲೆಗೆ ಯಾರೂ ಮಾಡಿಲ್ಲ. ಭಾರತದ ಮೊದಲ ವಿದ್ಯುತ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ಹೊರಬಂದದ್ದು ನಮ್ಮ ಬೆಂಗಳೂರಿನಿಂದಲೇ. ಅದನ್ನು ಆಟಿಕೆ ಎಂದು ನಕ್ಕವರು ಬಹಳ. ಸಣ್ಣದು, ನಿಧಾನದ್ದು, ಪಟ್ಟಣದೊಳಗೆ ಮಾತ್ರ ಓಡುವಂಥದ್ದು. ಆದರೆ ಎಷ್ಟು ಬೇಕೋ ಅಷ್ಟೇ ಇತ್ತು.

ರೂಮಿನ ಗೆಳೆಯರು ನನ್ನ ಈ ಜೀಪಿಗೆ ಈಗಾಗಲೇ "ಅಜ್ಜಿ ಗಾಡಿ" ಎಂದು ಹೆಸರಿಟ್ಟಿದ್ದಾರೆ. ಇರಲಿ.

ದಸರಾ ರಜೆಯ ಕೊನೆಯ ದಿನ ಗ್ಯಾರೇಜಿಗೆ ಒಂದು ಬ್ಯಾಟರಿ ಆಟೋ ಬಂತು. ಮುಂದಿನ ಚಕ್ರದಿಂದ ಏನೋ ಶಬ್ದ ಎಂದ ಡ್ರೈವರ್. ಶಿಷ್ಯರು ನನ್ನ ಕಡೆ ನೋಡಿದರು, ಕರೆಂಟಿನ ಗಾಡಿಯಲ್ಲವೇ ಎಂಬಂತೆ. ನನಗೆ ಏನೂ ಗೊತ್ತಾಗಲಿಲ್ಲ. ಮಾಮು ಉದ್ದನೆಯ ಸ್ಕ್ರೂ ಡ್ರೈವರ್ ತಂದು, ಅದರ ತುದಿಯನ್ನು ಚಕ್ರದ ಹಬ್ಬಿಗೆ ಇಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡರು. ಎಂಜಿನ್ನಿನ ಒಳಗಿನ ರೋಗ ಹುಡುಕಲು ಅವರು ಮೊದಲಿನಿಂದ ಮಾಡುವುದು ಹೀಗೆಯೇ. ಚಕ್ರವನ್ನು ಕೈಯಿಂದ ತಿರುಗಿಸಲು ಹೇಳಿದರು. ಎರಡು ಸುತ್ತು ಆಗುವಷ್ಟರಲ್ಲಿ, "ಬೇರಿಂಗ್ ಹೋಗಿದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ಎಂಜಿನ್ ಗಲಾಟೆ ಇಲ್ಲ ನೋಡು, ಓಡುವಾಗಲೂ ಚೆನ್ನಾಗಿ ಕೇಳಿಸುತ್ತದೆ," ಎಂದರು. ಬೇರಿಂಗ್ ಬದಲಾಯಿಸಿದ್ದು ನನ್ನ ವಯಸ್ಸಿನ ಆ ಶಿಷ್ಯ. ಕೆಲಸ ಮಾಡುತ್ತಲೇ, ಬ್ಯಾಟರಿಯ ಕಡೆ ಕೈ ಹಾಕಿದರೆ ಎಷ್ಟು ವೋಲ್ಟ್ ಹೊಡೆಯುತ್ತದೆ, ಯಾವ ಗ್ಲೌಸ್ ಹಾಕಬೇಕು ಎಂದು ನನ್ನನ್ನು ಕೇಳಿದ. ಕೇಳಿಕೊಂಡು ಬಂದು ಹೇಳುತ್ತೇನೆ ಎಂದೆ. ನಮ್ಮ ಫಿಸಿಕ್ಸ್ ಸರ್ ಅವರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಮೇ ತಿಂಗಳ ಮಾತಿಗೆ ಮಾಮು ಹತ್ತಿರ ನಾನಿನ್ನೂ ಕ್ಷಮೆ ಕೇಳಿಲ್ಲ. ಮುಂದಿನ ರಜೆಗೆ ಆ ಹಾಳೆಯ ಜೊತೆ ಈ ಪತ್ರಿಕೆಯ ಒಂದು ಪ್ರತಿಯನ್ನೂ ತೆಗೆದುಕೊಂಡು ಹೋಗುತ್ತೇನೆ. ಮಾಮುಗೆ ಕನ್ನಡ ಓದುವುದು ಸ್ವಲ್ಪ ನಿಧಾನ. ಶಿಷ್ಯರಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳುತ್ತಾರೆ.